ಪುಟ ತಿರುಗಿಸದೆ ಓದಿದವಳು

ಬಾಲಾ ಸರೋವರದ ಮೇಲಿನ ಹಳ್ಳಿಗಳಲ್ಲಿ ಹೆಂಗಸರು ನಡೆದಾಡುತ್ತಲೇ ಕಾಲುಚೀಲ ಹೆಣೆಯುತ್ತಾರೆ. ಗೇನೊರ್ ಹೆಣೆಯುತ್ತ, ನಡೆಯುತ್ತ, ಜೊತೆಗೆ ಅರ್ಧ ಕನಸನ್ನೂ ಕಾಣುತ್ತಿದ್ದಳು. ಮಂಜು ಇಳಿದ ದಿನ ಅವಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ; ಸೂಜಿಗಳ ಟಿಕಟಿಕ ಸದ್ದು ಮತ್ತು ಒಂದು ಹಾಡು ಮಾತ್ರ ಬೆಟ್ಟದ ದಾರಿಯಲ್ಲಿ ತಾವೇ ನಡೆದುಹೋಗುತ್ತಿದ್ದವು. ಯಾವುದೇ ಹಾಡು ಒಮ್ಮೆ ಅವಳ ಕಿವಿಗೆ ಬಿದ್ದರೆ ಸಾಕು, ಮತ್ತೆ ಮರೆಯುವ ಮಾತಿಲ್ಲ. ಅಕ್ಷರದ ವಿಷಯಕ್ಕೆ ಬಂದರೆ ಮಾತ್ರ ಅವಳೂ ಅವಳ ಕುರಿಗಳೂ ಒಂದೇ.

ಅವಳ ಗಂಡ ಹಂಫ್ರಿ ಕುರಿ ಕಾಯುವವನು, ಊರಿನ ಕವಿಯೂ ಹೌದು. ಫ್ರೆಂಚರ ಜೊತೆಗಿನ ಯುದ್ಧ ಮುಗಿದ ಮರುವರ್ಷ ಎದೆನೋವಿನಿಂದ ತೀರಿಕೊಂಡ. ಹಳೆಯ ಪಂಚಾಂಗವೊಂದರ ಖಾಲಿ ಹಾಳೆಗಳಲ್ಲಿ ಅವನು ವರ್ಷಗಟ್ಟಲೆ ಏನೋ ಬರೆಯುತ್ತಿದ್ದ. ಏನದು ಎಂದು ಕೇಳಿದರೆ ನಕ್ಕು ಮುಚ್ಚಿಡುತ್ತಿದ್ದ. ಪ್ರತಿ ಹಾಳೆಯ ನೆತ್ತಿಯಲ್ಲೂ ಒಂದೇ ಪುಟ್ಟ ಪದ, ಕೆಳಗೆ ನಾಲ್ಕು ಸಾಲು. ಅದು ಹೆಸರೇ ಇರಬೇಕೆಂದು ಗೇನೊರಳಿಗೆ ಗುಮಾನಿ. ಮದುವೆಗೆ ಮುಂಚೆ ಹಂಫ್ರಿ ಆಚೆ ದಡದ ನೆಸ್ತಳ ಹಿಂದೆ ಎರಡು ವರ್ಷ ಸುತ್ತಿದವನು. ನೆಸ್ತಳ ಹೆಸರಿದ್ದರೆ? ಬೇರೆಯವರ ಕೈಯಲ್ಲಿ ಓದಿಸಿದರೆ ಊರಿಗೆಲ್ಲ ಡಂಗುರ. ತಾನೇ ಓದಬೇಕು, ಇಲ್ಲವೇ ಆ ಮುಳ್ಳನ್ನು ಎದೆಯಲ್ಲಿಟ್ಟುಕೊಂಡೇ ಸಾಯಬೇಕು.

ಹೀಗೆ ಅರವತ್ತಮೂರನೆಯ ವಯಸ್ಸಿನಲ್ಲಿ ಅವಳು ಪ್ರಾರ್ಥನಾ ಮಂದಿರದ ಭಾನುವಾರದ ಶಾಲೆಗೆ ಹೋಗಿ ಕುಳಿತಳು. ಅಲ್ಲಿ ಅವಳಿಗಿಂತ ಮುದುಕರೂ ಇದ್ದರು, ಆದ್ದರಿಂದ ನಾಚಿಕೆಯೇನೂ ಆಗಲಿಲ್ಲ. ಕಲಿಸುವವಳು ಬಡಗಿಯ ಮಗಳು ಶೊನೆದ್. ಆದರೆ ಅಕ್ಕಪಕ್ಕದವರು ಗಟ್ಟಿಯಾಗಿ ಓದುತ್ತಿದ್ದರೆ ಗೇನೊರಳ ಕಿವಿ ಸುಮ್ಮನಿರಬೇಕಲ್ಲ! ಬೇಸಿಗೆ ಬರುವಷ್ಟರಲ್ಲಿ ಬೈಬಲಿನ ಕೀರ್ತನೆಗಳೆಲ್ಲ ಬಾಯಿಗೆ ಬಂದಿದ್ದವು. ಪುಸ್ತಕ ತೆರೆದು ಮೊದಲ ಪದ ಯಾರಾದರೂ ಹೇಳಿದರೆ ಸಾಕು, ನಾಲಿಗೆ ಓಡುತ್ತಿತ್ತು. ಅದೇ ಓದು ಎಂದು ಊರು ನಂಬಿತು. ಪಾಪ, ಅವಳೂ ಅರ್ಧ ನಂಬಿದ್ದಳು.

ಪರೀಕ್ಷೆಯ ಭಾನುವಾರ ಮಂದಿರದ ಹಿರಿಯ ಎದ್ವರ್ತ್ ಒಂದು ಕೀರ್ತನೆಯ ಮೊದಲ ಸಾಲು ಹೇಳಿ, "ಮುಂದಕ್ಕೆ ಓದಕ್ಕ" ಎಂದ. ಗೇನೊರ್ ಪುಸ್ತಕ ಹಿಡಿದು ಓದಿದಳು. ಬೆಂಚುಗಳಲ್ಲಿದ್ದವರು ಕಣ್ಣೊರೆಸಿಕೊಂಡರು. ಎದ್ವರ್ತ್ ಹೊಸ ಬೈಬಲನ್ನು ಬಹುಮಾನವೆಂದು ಅವಳ ಕೈಗಿಟ್ಟ.

ಮನೆಯ ದಾರಿಯಲ್ಲಿ ಶೊನೆದ್ ಜೊತೆಯಾದಳು. "ಅಜ್ಜಿ, ಬೇಜಾರ್ ಮಾಡ್ಕೋಬೇಡಿ. ಅಷ್ಟುದ್ದ ಓದಿದ್ರಲ್ಲ, ಪುಟಾನೇ ತಿರುಗಿಸ್ಲಿಲ್ಲ."

ಗೇನೊರ್ ನಿಂತುಬಿಟ್ಟಳು. ಮುಖ ಕೆಂಪಾಯಿತು. "ಮೋಸ ಮಾಡ್ಬೇಕು ಅಂತ ಅಲ್ಲ ಕಣೇ. ಕಣ್ಣು ಹೊಸಿಲು ದಾಟೋ ಹೊತ್ಗೆ ಈ ಹಾಳು ನಾಲಿಗೆ ಊರ್ ಸುತ್ಕೊಂಡ್ ಬಂದಿರುತ್ತೆ."

"ನಿಮಗೆ ಗೊತ್ತಿಲ್ದೇ ಇರೋದನ್ನ ಓದ್ಬೇಕು ಅಜ್ಜಿ. ಅಂಥದ್ದು ಈ ಊರಲ್ಲಿ ಎಲ್ಲಿ ಹುಡುಕ್ಲಿ ನಾನು?"

"ಹುಡುಕ್ಬೇಡ. ಮನೇಲಿದೆ" ಎಂದಳು ಗೇನೊರ್. ಬೈಬಲನ್ನು ಹುಡುಗಿಯ ಕೈಗಿತ್ತಳು. "ಇದು ನಿನ್ ಹತ್ರ ಇರ್ಲಿ. ನಿಜವಾಗಿ ಓದಿದ್ ದಿನ ಕೊಡು."

ಅಂದಿನಿಂದ ಮಧ್ಯಾಹ್ನ ಮಜ್ಜಿಗೆ, ಓಟ್ಸ್ ರೊಟ್ಟಿ ಮುಗಿಸಿ ಅವಳು ಹುಲ್ಲಿನ ಮೇಲೆ ಪಂಚಾಂಗ ಹಿಡಿದು ಕೂರತೊಡಗಿದಳು. ಕೆಳಗೆ ಸರೋವರ ಮಲಗಿರುತ್ತಿತ್ತು, ಕುರಿಗಳೂ ಮೋಡಗಳೂ ಒಂದೇ ನಿಧಾನದಲ್ಲಿ ಸರಿಯುತ್ತಿದ್ದವು. ನೆತ್ತಿಯ ಆ ಪದವನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಎರಡು ವಾರ ಕೆಳಗಿನ ಸಾಲುಗಳ ಬಿಡಿ ಅಕ್ಷರಗಳನ್ನಷ್ಟೇ ಗುರುತಿಸಿದಳು. ಹೆದರಿಕೆ ಎಂದರೆ ಹೆದರಿಕೆಯೇ, ಅದಕ್ಕೆ ಬೇರೆ ಹೆಸರಿಲ್ಲ. ಕೊನೆಗೊಂದು ದಿನ ಬಂದದ್ದು ಬರಲೆಂದು ಬೆರಳು ತೆಗೆದಳು.

ಗೇ. ನೊ. ರ್.

ತನ್ನ ಹೆಸರು! ಮುದುಕಿ ಗಟ್ಟಿಯಾಗಿ ನಕ್ಕಳು, ಹತ್ತಿರದ ಕುರಿ ಬೆದರಿ ಓಡಿತು. ಗಂಡ ತನ್ನ ಮೇಲೆ ಕಟ್ಟಿದ ಪದಗಳು ಎಂದುಕೊಂಡು, ಹಿಗ್ಗಿನಿಂದ ಒಂದೊಂದೇ ಅಕ್ಷರ ಕೂಡಿಸಿದಳು. ಬೆ-ಟ್ಟ-ದ ಮೇ-ಲೆ ಮಂ-ಜು ಬಂ-ದು... ಕು-ರಿ-ಗ-ಳೆ-ಲ್ಲ ಕಾ-ಣೆ-ಯಾ-ದ-ವು...

ಅಷ್ಟರಲ್ಲಿ ನಾಲಿಗೆ ಮುಂದೋಡಿತು. "ಕರೆದರೆ ಬರುವ ನಾಯಿಯೇನೋ ಇದೆ..." ಇದು ಹೇಗೆ ಗೊತ್ತು ತನಗೆ?

ನಲವತ್ತು ವರ್ಷದ ಹಿಂದೆ, ಹೆಣೆಯಲು ಹೆಂಗಸರೆಲ್ಲ ಸೇರಿದ್ದ ಅಡುಗೆಮನೆಗೆ ಹಂಫ್ರಿ ಯಾರೂ ಕರೆಯದೇ ಬಂದು ಬಾಗಿಲಲ್ಲಿ ನಿಂತಿದ್ದ. ಎಲ್ಲರೂ ನಗಲೆಂದು ಅವಳೇ ಆ ಕ್ಷಣಕ್ಕೆ ಕಟ್ಟಿ ಎಸೆದ ಪದ ಇದು. ಮುಂದಿನ ಹಾಳೆ ತಿರುಗಿಸಿದಳು, ಅದೂ ಅವಳದೇ. ಅದರ ಮುಂದಿನದೂ ಅವಳದೇ. ಬಾಯಿಗೆ ಬಂದದ್ದನ್ನು ಕವಿತೆಯೆಂದು ಅವಳು ಎಂದೂ ಎಣಿಸಿದವಳಲ್ಲ. ಊರಿನ ಕವಿ ಎಣಿಸಿದ್ದ, ಕಟ್ಟಿದವಳ ಹೆಸರನ್ನು ಮೇಲೆ ಬರೆದಿಟ್ಟಿದ್ದ.

"ಅಯ್ಯೋ, ಒಂದ್ ಮಾತು ಹೇಳ್ಬಾರ್ದಿತ್ತೇನೋ" ಎಂದು ಗೇನೊರ್ ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮೊದಲ ಹಾಳೆಗೆ ಬಂದಳು. ತುಟಿಯ ತುದಿಗೆ ಬಂದು ನಿಂತಿದ್ದ ಕೊನೆಯ ಸಾಲನ್ನು ಹಲ್ಲು ಕಚ್ಚಿ ತಡೆದು, ಅವನು ಬರೆದ ಅಕ್ಷರಗಳ ಮೇಲೆ ಬೆರಳಿಟ್ಟು, ಅವನಿಂದ ಕೇಳುವವಳಂತೆ ನಿಧಾನವಾಗಿ ಓದಿದಳು.

"ಕ-ರೆ-ಯ-ದೆ ಬ-ರು-ವ-ವ-ನು ನೀ-ನ್ಯಾ-ರೋ?"