ಕಂಟ್ರೋಲ್ ಪ್ಲಾಟಿನ ಕೃಷ್ಣವ್ವ

ಮಿರಜಿನ ಹತ್ತಿರದ ಬೇಡಗ ಊರಿನ ಕೃಷ್ಣವ್ವನ ಮನೆ ಮುಂದೆ ಹಾದುಹೋಗುವವರಲ್ಲಿ ಎರಡು ತರಹ. ಉಂಡು ಹೋಗುವವರು ಒಂದು, ತಪ್ಪಿಸಿಕೊಂಡು ಹೋಗುವವರು ಇನ್ನೊಂದು. 'ಈಗಷ್ಟ ಉಂಡೇನಿ' ಅಂದರೆ ಆಕೆ ನಂಬುತ್ತಿರಲಿಲ್ಲ. "ಏನ ಉಂಡಿ? ಪಲ್ಯ ಯಾವುದಿತ್ತು?" ಎಂದು ವಕೀಲರ ಹಾಗೆ ಕೇಳುತ್ತಿದ್ದಳು. ಮಿರಜಿಗೆ ಹೋಗುವ ಬಸ್ಸಿನ ಕಂಡಕ್ಟರ್ ಟಿಕೀಟಿಗೆಂದು ಕೈ ಚಾಚಿದರೆ ಆ ಕೈಯಲ್ಲಿ ಮೊದಲು ಶೇಂಗಾ ಚಟ್ನಿ ಹಚ್ಚಿದ ರೊಟ್ಟಿ ಬೀಳುತ್ತಿತ್ತು, ಆಮೇಲೆ ಚಿಲ್ಲರೆ.

ಲೋಕದಲ್ಲಿ ಪಾಪಗಳು ಬೇಕಾದಷ್ಟಿವೆ ಅನ್ನುತ್ತಾರೆ. ಕೃಷ್ಣವ್ವನ ಪ್ರಕಾರ ಇರುವುದು ಒಂದೇ. ಪಂಕ್ತಿಭೇದ. ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬನಿಗೆ ತುಪ್ಪ ಬಡಿಸಿ ಇನ್ನೊಬ್ಬನಿಗೆ ಬರೀ ಸಾರು ಸುರಿಯುವುದು. ಮಾಲಗಾಂವದ ದ್ರಾಕ್ಷಿ ತೋಟದ ದಾದಾಸಾಹೇಬರ ಮಗಳ ಲಗ್ನದಲ್ಲಿ ಬೀಗರ ಸಾಲಿಗೆ ಎರಡನೇ ಸಲ ಬುಂದಿ ಬಂತು, ಬ್ಯಾಂಡಿನವರ ಸಾಲಿಗೆ ಮೊದಲನೇ ಸಲವೂ ಬಂದಿರಲಿಲ್ಲ. ಕೃಷ್ಣವ್ವ ಎದ್ದವಳೇ ಬಡಿಸುವವನ ಕೈಯಿಂದ ಪರಾತ ಕಸಿದುಕೊಂಡು ಬ್ಯಾಂಡಿನವರ ಕಡೆಯಿಂದ ಶುರು ಮಾಡಿದಳು. ಬೀಗರ ತನಕ ಬರುವಷ್ಟರಲ್ಲಿ ಪರಾತದಲ್ಲಿ ಉಳಿದದ್ದು ಸಪ್ಪಳ ಮಾತ್ರ. ಬೀಗರು ಅದನ್ನು ಮರೆತರು, ದಾದಾಸಾಹೇಬರು ಮರೆಯಲಿಲ್ಲ.

ಇಂಥವಳ ಹೊಲಕ್ಕೆ ಸಂಶೋಧನೆ ಬಂತು.

ಅದು ಮಿರಜಿನ ಸುತ್ತಲಿನ ಹೊಲಗಳಿಗೆಲ್ಲ ಸುಣ್ಣದ ಗೆರೆ ಬೀಳತೊಡಗಿದ ಕಾಲ. ಇವತ್ತು ಜೋಳ ನಿಂತ ಹೊಲದಲ್ಲಿ ನಾಳೆ ಗೂಟ ನಿಂತಿರುತ್ತಿದ್ದವು, ನಾಡಿದ್ದು 'ಅಮುಕ ನಗರ' ಎಂಬ ಬೋರ್ಡು. ಊರಲ್ಲಿ ಯಾರ ಬಾಯಲ್ಲಿ ನೋಡಿದರೂ ಪ್ಲಾಟಿನದೇ ಮಾತು. ಅಂಥ ಹೊತ್ತಿನಲ್ಲಿ ಕೃಷಿ ಸಂಶೋಧನ ಕೇಂದ್ರದ ಮೃಣಾಲ ಬೇಡಗಕ್ಕೆ ಬಂದಳು. ಮಾಧವನಗರದ ಜೈನರ ಹುಡುಗಿ, ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆದರೆ ಆಡಲು ಹೋದರೆ ಅರ್ಧ ದಾರಿಗೆ ಮರಾಠಿ ಬಂದು ಕೈ ಹಿಡಿಯುತ್ತಿತ್ತು. ಹೊಸ ಜೋಳದ ತಳಿಯೊಂದನ್ನು ಸಣ್ಣ ರೈತರ ಮಳೆಯಾಶ್ರಿತ ಹೊಲದಲ್ಲೇ ಬಿತ್ತಿ ನೋಡಬೇಕು, ಎಷ್ಟು ಗೊಬ್ಬರಕ್ಕೆ ಎಷ್ಟು ಬೆಳೆಯುತ್ತದೆಂದು ತೂಗಬೇಕು ಎಂಬುದು ಅವಳಿಗೆ ಒಪ್ಪಿಸಿದ ಮೊದಲ ಕೆಲಸ.

ದಾದಾಸಾಹೇಬರು ತಮ್ಮ ಹೊಲ ಕೊಡಲು ಮುಂದೆ ಬಂದರು. ಹನಿ ನೀರಾವರಿಯ ಹೊಲ ಬೇಡವೆಂದು ಮೃಣಾಲ ಕೈಮುಗಿದು ಕೃಷ್ಣವ್ವನ ಹೊಲ ಆರಿಸಿದಳು. ದಾದಾಸಾಹೇಬರು ಚಹಾದಂಗಡಿಯಲ್ಲಿ ಎಲ್ಲರೂ ಕೇಳುವಂತೆ ಹೇಳಿದರು: "ಕುರಿ ಹಟ್ಟ್ಯಾಗ ಸಂಶೋಧನಾ ಮಾಡ್ತಾರಂತ! ಮುಂದ ಕುರಿಗೋಳಿಗೂ ಡಿಗ್ರಿ ಕೊಡ್ತಾರೇನ ಕೇಳ್ರಿ."

ಈ ಮಾತು ಸಂಜೆಯೊಳಗೆ ಕೃಷ್ಣವ್ವನ ಕಿವಿ ಮುಟ್ಟಿತು. ಗಂಡ ಗುರಲಿಂಗ ಕುರಿಗಳನ್ನು ಒಳಗೆ ಕೂಡಿಹಾಕುತ್ತಿದ್ದ.

"ಕೇಳಿದ್ರೇನ? ನಮ್ಮ ಹೊಲದ ಮ್ಯಾಲೆ ಒಬ್ಬರೂ ಬಟ್ಟ ಮಾಡಿ ತೋರಸಬಾರದು. ಆ ಹುಡುಗಿ ಹೇಳಿದಂಗ ಬೆಳದು ತೋರಸ್ತೇನಿ. ಸಂಶೋಧನಾ ನಮ್ಮ ಹೊಲದಾಗ ಇರಬೇಕು, ವರ್ಷಾ ವರ್ಷಾ ನಮ್ಮ ಹೊಲಕ್ಕ ಬರಬೇಕು."

"ಹುಂ," ಎಂದ ಗುರಲಿಂಗ. ಕುರಿ ಎಣಿಸುವಾಗ ಅವನು ಇದಕ್ಕಿಂತ ಹೆಚ್ಚು ಮಾತಾಡುತ್ತಿರಲಿಲ್ಲ.

ಮೃಣಾಲ ಹೊಲದಲ್ಲಿ ಸುಣ್ಣದ ಗೆರೆ ಎಳೆಸಿ, ಗೂಟ ಹೊಡೆಸಿ, ಮೂರು ತುಂಡು ಮಾಡಿದಳು. ಒಂದಕ್ಕೆ ಪೂರಾ ಸರಕಾರಿ ಗೊಬ್ಬರ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಏನೂ ಇಲ್ಲ. ಆ ಮೂರನೆಯದರ ಮುಂದೆ ಬೋರ್ಡು ನೆಟ್ಟಳು: 'ಕಂಟ್ರೋಲ್ ಪ್ಲಾಟ್'.

ಅಲ್ಲಿಗೆ ಸುರುವಾಯಿತು ನೋಡಿ.

ಮರುದಿನ ಮಿರಜಿನಿಂದ ಗಂಡ ಹೆಂಡತಿ ಸ್ಕೂಟರಿನಲ್ಲಿ ಬಂದಿಳಿದರು. "ಮಾವಶಿ, ಕಾರ್ನರ್ ಪ್ಲಾಟ್ ಖಾಲಿ ಐತೇನ್ರಿ?" ಕೃಷ್ಣವ್ವ ಅವರಿಗೆ ಊಟ ಹಾಕಿ, ಪ್ಲಾಟ್ ಇಲ್ಲವೆಂದು ಹೇಳಿ ಕಳಿಸಿದಳು. ಅದರ ಮರುದಿನ ಊರಿನವರೇ ಬಂದರು. ಆ ಕಡೆ ಕಂಟ್ರೋಲ್ ಅಂದರೆ ರೇಷನ್ ಅಂಗಡಿ. ಕಂಟ್ರೋಲಿನ ಗೋಧಿ, ಕಂಟ್ರೋಲಿನ ಸಕ್ಕರೆ, ಕಂಟ್ರೋಲಿನ ಚಿಮಣಿ ಎಣ್ಣೆ. ಕಂಟ್ರೋಲ್ ಪ್ಲಾಟ್ ಅಂದಮೇಲೆ ರೇಷನ್ ಅಂಗಡಿ ಕಟ್ಟುವ ಜಾಗ ಎಂಬುದರಲ್ಲಿ ಯಾರಿಗೂ ಸಂಶಯ ಉಳಿಯಲಿಲ್ಲ. ಮುದುಕಿ ಕಾಡವ್ವ ಖಾಲಿ ಎಣ್ಣೆ ಕ್ಯಾನು ತಂದು ಬೋರ್ಡಿನ ಬುಡಕ್ಕೆ ಇಟ್ಟು ಕೂತೇಬಿಟ್ಟಳು.

"ಕಾಡವ್ವತ್ತಿ, ಇಲ್ಲಿ ಅಂಗಡಿ ಇಲ್ಲ, ಏನಿಲ್ಲ. ಜ್ವಾಳ ಐತಿ," ಎಂದಳು ಕೃಷ್ಣವ್ವ.

"ಕಟ್ಟೂತನಕಾ ಕುಂದರ್ತೇನಿ. ಪಾಳೇದಾಗ ಮೊದಲನೇ ನಂಬರ ನಂದು. ಆಮ್ಯಾಲೆ ಎದ್ದು ನಿಲ್ಲಂದ್ರ ನಿಲ್ಲಾಂಗಿಲ್ಲ."

ಕಾಡವ್ವನಿಗೂ ಊಟ ಹೋಯಿತು. ಆ ವಾರವೆಲ್ಲ ಹೋಯಿತು. ಮೃಣಾಲ ಬಂದಮೇಲೆ ಬೋರ್ಡಿನ ಮುಂದೆ ಸಾಲಾಗಿ ಇಟ್ಟ ಕ್ಯಾನು, ಚೀಲಗಳನ್ನು ನೋಡಿ ತಲೆ ಮೇಲೆ ಕೈ ಹೊತ್ತಳು.

"ಮಾವಶಿ, ಇದು ರೇಷನ್ ನಾಹೀ ಹೋ. ಇದಕ್ಕ ಏನೂ ಹಾಕಬಾರದು. ಗೊಬ್ಬರಾ ಹಾಕಿದ್ದು ಎಷ್ಟ ಬೆಳೀತದ, ಹಾಕದs ಇದ್ದದ್ದು ಎಷ್ಟ ಬೆಳೀತದ, ಫಕ್ತ ನೋಡಾಕ. ತಿಳೀತಾ?"

"ತಿಳೀತು ಬಿಡ ಯವ್ವಾ. ಏನೂ ಹಾಕಬಾರದು."

ಮಾತು ತಿಳಿದಿತ್ತು. ಒಪ್ಪುವುದು ಬೇರೆ ಸಂಗತಿ. ಆಕೆ ಕಂಡಂತೆ ಕಂಟ್ರೋಲ್ ಅಂದರೆ ಬಡವರಿಗೆ ಏನಾದರೂ ಸಿಗುವ ಜಾಗ. ಇಲ್ಲಿ ನೋಡಿದರೆ ಮೂವರನ್ನು ಒಂದೇ ಸಾಲಿನಲ್ಲಿ ಕೂಡಿಸಿ, ಇಬ್ಬರಿಗೆ ಬಡಿಸಿ, ಮೂರನೆಯವನ ಮುಂದೆ 'ಕಂಟ್ರೋಲ್' ಎಂದು ಬೋರ್ಡು ಹಾಕಿ ಖಾಲಿ ಎಲೆ ಇಟ್ಟಿದ್ದಾರೆ!

ಜೋಳ ಮೊಣಕಾಲೆತ್ತರ ಬಂತು. ಮೊದಲ ಎರಡು ತುಂಡು ಕಪ್ಪು ಹಸಿರು, ಮೂರನೆಯದು ಜ್ವರ ಬಂದವರ ಮುಖದಂತೆ ಬಿಳಚಿಕೊಂಡಿತು. ಕೃಷ್ಣವ್ವ ಬದುವಿನ ಮೇಲೆ ಬಿಚ್ಚಿದ ಬುತ್ತಿಯನ್ನು ಹಾಗೆಯೇ ಮತ್ತೆ ಕಟ್ಟಿದಳು.

"ಅದು ನನ್ನ ಕಡೆ ನೋಡಾಕತ್ತೈತ್ರಿ," ಎಂದಳು ಗಂಡನಿಗೆ.

"ಜ್ವಾಳಕ್ಕ ಕಣ್ಣ ಎಲ್ಲಿ ಅದಾವು?"

"ಹಸದದ್ದಕ್ಕ ಮೈಯೆಲ್ಲಾ ಕಣ್ಣ ಇರ್ತಾವು. ನಿಮಗೇನ ತಿಳೀತೈತಿ."

"ಏ, ಕಂಟ್ರೋಲ್ ಆ ಹೊಲಕ್ಕಲ್ಲ, ನಿನಗ ಬೇಕಾಗೇತಿ," ಎಂದ ಗುರಲಿಂಗ. ಆ ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ.

ಏನೂ ಹಾಕುವುದಿಲ್ಲವೆಂದು ಆಕೆ ಮಾತು ಕೊಟ್ಟಿದ್ದಳಲ್ಲ, ಹಾಕಲಿಲ್ಲ. ಆದರೆ ಎಡವತೊಡಗಿದಳು. ಆ ಹೊಲದಲ್ಲಿ ಹುಟ್ಟಿದ ಕಲ್ಲೆಲ್ಲ ಪರಿಚಯವಿದ್ದವಳು, ಮೃಣಾಲ ಬಸ್ಸು ಹತ್ತಿ ಮರೆಯಾದ ಕೂಡಲೇ ಮೂರನೇ ತುಂಡಿಗೇ ಹೋಗಿ ಎಡವುತ್ತಿದ್ದಳು. ಎಡವಿದಾಗೆಲ್ಲ ತಲೆ ಮೇಲೆ ಕುರಿ ಹಿಕ್ಕೆಯ ಬುಟ್ಟಿ ಇರುತ್ತಿತ್ತು. ಬಿದ್ದದ್ದನ್ನು ಬಳಿದುಕೊಳ್ಳುವುದೇನು ಚಂದ ಎಂದು ಕುರ್ಪಿಯಿಂದ ಮಣ್ಣಿಗೆ ಬೆರೆಸಿ ಬರುತ್ತಿದ್ದಳು. ಒಮ್ಮೊಮ್ಮೆ ಹಿಕ್ಕೆ ನೆನೆಸಿದ ನೀರಿನ ಕೊಡವೂ ಕೈ ಜಾರುತ್ತಿತ್ತು. ಆ ವರ್ಷ ಹಿಂಗಾರಿನಲ್ಲಿ ಒಂದೆರಡು ಮಳೆ ಚೆನ್ನಾಗಿಯೇ ಬಿದ್ದವು. ಬಿಳಚಿದ ಮುಖಕ್ಕೆ ಕಳೆ ಬಂತು, ದಂಟು ದಪ್ಪವಾಯಿತು, ತೆನೆ ಇಣುಕಿತು. ಎಂಥ ತೆನೆ! ಮಗುವಿನ ತಲೆಯಷ್ಟು.

ಮೃಣಾಲ ಅಳೆದಳು, ಮತ್ತೆ ಅಳೆದಳು, ಕುಣಿದಾಡಿದಳು. "ಮಾವಶಿ, ಏನೂ ಹಾಕದs ಹಿಂಗ ಬಂದೈತಿ ನೋಡ್ರಿ! ಕಮಾಲ್ ಐತಿ ಈ ತಳಿ!"

"ದೇವರ ಕಣ್ಣ ಬಿಟ್ಟಾನ," ಎಂದಳು ಕೃಷ್ಣವ್ವ. ಹುಡುಗಿ ನಕ್ಕದ್ದು ಕಂಡು ಆಕೆಗೂ ಹೊಟ್ಟೆ ತುಂಬಿದ ಹಾಗಾಯಿತು. ಇದರಲ್ಲಿ ಕೆಡುಕೇನಿದೆ ಎಂಬುದು ಆಕೆಯ ತಲೆಗೆ ಹೊಳೆದಿರಲಿಲ್ಲ.

ಹೊಳೆದದ್ದು ಶಿವಾರ ಫೇರಿಯ ದಿನ. ಅಂದರೆ ಸುತ್ತಲಿನ ರೈತರೆಲ್ಲ ಬಂದು ಬೆಳೆ ನೋಡುವ ದಿನ. ಪೆಂಡಾಲು ಹಾಕಿದ್ದರು. ಕೇಂದ್ರದ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ದಾದಾಸಾಹೇಬರು ಬಿಳಿ ಟೊಪ್ಪಿಗೆ ಇಟ್ಟುಕೊಂಡು ಮುಂದಿನ ಕುರ್ಚಿ ಹಿಡಿದರು. ಸಾಹೇಬರು ಮೂರನೇ ತುಂಡಿನ ತೆನೆಯನ್ನು ಅಂಗೈಯಲ್ಲಿ ತೂಗಿ, ಮರಾಠಿಯಲ್ಲಿ ಭಾಷಣಕ್ಕೆ ನಿಂತರು. ಈ ತಳಿಗೆ ಗೊಬ್ಬರವೇ ಬೇಡ, ಕಣ್ಣಾರೆ ನೋಡಿ, ಬರುವ ಹಿಂಗಾರಿಗೆ ಎಲ್ಲರಿಗೂ ಬೀಜ ಕೊಡುತ್ತೇವೆ, ಏನೂ ಹಾಕದೆ ಬಿತ್ತಿ ಅಂದರು. ಇನ್ನೊಂದು ವರ್ಷ ನೋಡಬೇಕು ಸರ್ ಎಂದು ಮೃಣಾಲ ಹೇಳಿದ್ದು ಚಪ್ಪಾಳೆಯಲ್ಲಿ ಮುಳುಗಿಹೋಯಿತು.

"ನಾ ಅಂತೂ ನನ್ನ ಎಲ್ಲಾ ಹೊಲಕ್ಕೂ ಇದನ್ನ ಬಿತ್ತಾಂವ," ಎಂದರು ದಾದಾಸಾಹೇಬರು. "ಒಂದ ಮುಷ್ಟಿ ಗೊಬ್ಬರಾ ಹಾಕಾಂವಲ್ಲ!"

"ನಾವೂ ಹಾಕಾಂಗಿಲ್ಲ!" ಎಂದು ಹಿಂದಿನಿಂದ ಹತ್ತು ದನಿ ಎದ್ದವು.

ಕೃಷ್ಣವ್ವ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಒಂದು ತುಂಡು ಹೊಲ ಹಸಿದದ್ದನ್ನು ನೋಡಲಾರದವಳ ಕಣ್ಣ ಮುಂದೆ ಬೇಡಗ, ಮಾಲಗಾಂವ, ಆಚೆಯ ಊರುಗಳ ಹೊಲಗಳೆಲ್ಲ ಖಾಲಿ ಎಲೆ ಮುಂದಿಟ್ಟುಕೊಂಡು ಕೂತವು. ಬಾಯಿ ಬಿಟ್ಟರೆ ದಾದಾಸಾಹೇಬರ ಕುರಿ ಹಟ್ಟಿಯ ಮಾತು ನಿಜವಾಗುತ್ತದೆ, ಸಂಶೋಧನೆ ಕೈಬಿಟ್ಟು ಹೋಗುತ್ತದೆ. ಬಿಡದಿದ್ದರೆ ಮುಂದಿನ ವರ್ಷ ಇಡೀ ಸೀಮೆಗೇ ಉಪವಾಸ. ಆಕೆ ಎದ್ದು ನಿಂತಳು.

"ಸಾಹೇಬ್ರ, ಗೊಬ್ಬರಾ ಬಿಡಬ್ಯಾಡ್ರಿ. ಅದು ಹಸದಿಲ್ರಿ. ಉಂಡೈತಿ."

"ಏನು ಉಂಡೈತಿ?"

"ಹಿಕ್ಕಿ ಉಂಡೈತ್ರಿ. ಬುಟ್ಟಿಗಟ್ಟಲೆ. ನಾನs ಎಡವಿ ಎಡವಿ ಉಣಿಸೇನಿ."

ಪೆಂಡಾಲಿನ ಮಂದಿಯೆಲ್ಲ ತಿರುಗಿ ಆಕೆಯನ್ನು ನೋಡಿದರು. ಆಮೇಲೆ ದಾದಾಸಾಹೇಬರು ತೊಡೆ ತಟ್ಟಿ ನಕ್ಕರು. "ನನ್ನ ಮಗಳ ಲಗ್ನದಾಗ ಬುಂದಿ ಪರಾತಾ ಕಸಕೊಂಡಾಕಿ, ಸರಕಾರದ ಪ್ಲಾಟ್ ಬಿಟ್ಟಾಳೇನ್ರಿ! ನಾ ಮೊದಲs ಹೇಳಿದ್ದೆ, ಕುರಿ ಹಟ್ಟಿ ಅಂತ."

ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು, ಈ ವರ್ಷದ್ದೆಲ್ಲ ರದ್ದು, ಮುಂದಿನ ವರ್ಷ ದಾದಾಸಾಹೇಬರ ರಸ್ತೆ ಬದಿಯ ಒಣ ಹೊಲದಲ್ಲಿ ಮಾಡೋಣ ಎಂದು ಜೀಪು ಹತ್ತಿದರು. ಮೃಣಾಲ ಹತ್ತಲಿಲ್ಲ. ಮಂದಿ ಚದುರಿದ ಮೇಲೆ ಆಕೆ ಕೃಷ್ಣವ್ವನ ಕಟ್ಟೆಯ ಮೇಲೆ ಬಂದು ಕೂತಳು.

ಕೃಷ್ಣವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಜನ್ಮದಲ್ಲಿ ಮೊದಲ ಸಲ, ಮನೆಗೆ ಬಂದವರಿಗೆ ಉಣ್ಣು ಅನ್ನಲು ಆಕೆಗೆ ಬಾಯಿ ಬರಲಿಲ್ಲ. ಗುರಲಿಂಗ ಹೆಂಡತಿಯ ಮುಖ ನೋಡಿ, ಮೈ ಹುಷಾರಿಲ್ಲವೇನೋ ಎಂದು ಹೆದರಿದ.

"ಮಾವಶಿ," ಎಂದಳು ಮೃಣಾಲ ಕೊನೆಗೆ, "ಹೊತ್ತು ಮುಳುಗಾಕ ಬಂತು. ಆಮ್ಯಾಲೆ ನಾ ಉಣ್ಣಾಂಗಿಲ್ಲ, ಗೊತ್ತದಲ್ಲ? ಊಟಾ ಹಾಕ್ತೀರೋ ಇಲ್ಲೋ?"

ಕೃಷ್ಣವ್ವ ಒಳಗೋಡಿದಳು. ಉಳ್ಳಾಗಡ್ಡಿ ಮುಟ್ಟಿಸದ ಪಲ್ಯ, ಬಿಸಿ ರೊಟ್ಟಿ ತಂದಿಟ್ಟು, ಎದುರಿಗೆ ಕೂತು ಕಣ್ಣೊರೆಸಿಕೊಂಡಳು.

ಮೃಣಾಲ ರೊಟ್ಟಿ ಮುರಿಯುತ್ತ ಕೇಳಿದಳು: "ನಮ್ಮ ಸುನಂದಾಬಾಯಿ ಅಜ್ಜಿ ಪರ್ವದಾಗ ಉಪವಾಸ ಮಾಡ್ತಾಳ. ಬರೇ ಕಾಯಿಸಿದ ನೀರು. ಆವಾಗ ನೀವು ಬಂದ್ರ ಆಕಿ ಬಾಯಾಗ ರೊಟ್ಟಿ ತುರುಕ್ತೀರೇನು?"

"ಛೇ ಛೇ! ಉಪವಾಸ ಇದ್ದವರಿಗಿ? ಅವರ ವ್ರತಾ ಕೆಡಿಸಿದ್ರ ನಾ ಯಾವ ನರಕಕ್ಕ ಹೋಗಬೇಕು!"

"ಮತ್ತ ಮಾಡಿದ್ದು ಅದsನ್ರಿ. ಆ ಮೂರನೇ ತುಂಡು ಉಪವಾಸ ಹಿಡದಿತ್ತು."

ಕೃಷ್ಣವ್ವ ಕೈಯನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಸಿಟ್ಟೇ ಬಂತು. "ಉಪವಾಸ ಅಂತ ಮೊದಲs ಹೇಳಬಾರದೇನ ಯವ್ವಾ! ಕಂಟ್ರೋಲ್ ಕಂಟ್ರೋಲ್ ಅಂದ್ರ ನಾ ಏನ ತಿಳಕೋಬೇಕು?"

ಇನ್ನು ದಾದಾಸಾಹೇಬರ ಕಥೆ. ಗೂಟ ಹೊಡೆಯಲು ಬಂದವರು ಒಂದು ತುಂಡಿಗೆ ಏನೂ ಹಾಕಬಾರದು, ಅದು ಸೊರಗಿದರೂ ಮುಟ್ಟಬಾರದು ಅಂದಾಗ ಅವರು ಬೆಚ್ಚಿದರು. "ರಸ್ತೆಕ್ಕ ಹತ್ತಿದ ಹೊಲ. ದಾದಾಸಾಹೇಬನ ಹೊಲದಾಗ ಬೆಳಿ ಸೊರಗೇತಿ ಅಂತ ಬಸ್ಸಿನ ಮಂದಿಯೆಲ್ಲಾ ನೋಡಬೇಕೇನು? ನಡೀರಿ, ನನಗ ಬ್ಯಾಡ ನಿಮ್ಮ ಸಂಶೋಧನಾ." ಮೃಣಾಲ ದೊಡ್ಡ ಸಾಹೇಬರ ಬೆನ್ನು ಹತ್ತಿ, ಗೂಟಗಳನ್ನು ಮತ್ತೆ ಬೇಡಗಕ್ಕೆ ತಂದಳು. ಈ ಸಲ ಬೋರ್ಡಿನಲ್ಲಿ ಬರೆಸಿದ್ದು ಒಂದೇ ಪದ. 'ಉಪವಾಸ'.

ಆ ಹಂಗಾಮಿನಲ್ಲಿ ಮೂರನೇ ತುಂಡಿನ ಹತ್ತಿರ ಸುಳಿಯುವ ಧೈರ್ಯ ಯಾರಿಗೂ ಇರಲಿಲ್ಲ. ಕುರಿಗಳು ಬದುವಿಗೆ ಬಂದರೆ ಕೃಷ್ಣವ್ವ ಕೋಲೆತ್ತಿಕೊಂಡು ಓಡಿಬರುತ್ತಿದ್ದಳು. "ಏ, ದೂರ! ಉಪವಾಸ ಐತಿ! ನಡೀ ಅತ್ತ, ಅಲ್ಲಿ ಹೋಗಿ ಹಾಕು!" ಮೇಲೆ ಹಾರುವ ಕೊಕ್ಕರೆಗಳನ್ನೂ ಸಂಶಯದಿಂದ ನೋಡುತ್ತಿದ್ದಳು. ಕಾಡವ್ವ ಕ್ಯಾನು ಹಿಡಿದು ಬಂದು, "ಅಂಗಡಿ ಯಾವಾಗ?" ಅಂದರೆ, "ಇಲ್ಲಿ ಏನೂ ಸಿಗಾಂಗಿಲ್ಲ, ವ್ರತಾ ನಡದೈತಿ," ಎಂದು ತನ್ನ ಬುತ್ತಿಯನ್ನೂ ದೂರದ ಬೇವಿನ ಗಿಡದ ಕೆಳಗೆ ಒಯ್ದು ಉಣ್ಣಿಸುತ್ತಿದ್ದಳು. ಉಪವಾಸದವರ ಎದುರಿಗೆ ಉಣ್ಣಬಾರದಲ್ಲ.

ಶಿವಾರ ಫೇರಿಗೆ ಮಂದಿ ಬಂದಾಗ ಆ ತುಂಡು ಬಡಕಲಾಗಿ, ತೆನೆ ಬೆರಳಿನಷ್ಟಾಗಿ ನಿಂತಿತ್ತು. ಪಕ್ಕದ ಎರಡು ಎದೆಯೆತ್ತರ ತೂಗುತ್ತಿದ್ದವು. ದಾದಾಸಾಹೇಬರು ಮೀಸೆಯಲ್ಲಿ ನಕ್ಕರು. "ಏನ ಕೃಷ್ಣವ್ವಾ, ಈ ಸಲಾ ಎಡವಿಲ್ಲೇನ?"

"ಇಲ್ರಿ ಸಾವಕಾರ್ರ. ನೇಮಲೆ ಮುಗಿಸೇತಿ ನನ್ನ ಹೊಲಾ. ನಿಮ್ಮ ಹೊಲದ ಕೈಲೆ ಆಗಲಿಲ್ಲ ನೋಡ್ರಿ ಇದು."

ಈ ಸಲ ತೊಡೆ ತಟ್ಟಿ ನಕ್ಕವರು ದೊಡ್ಡ ಸಾಹೇಬರು.

ಕೊಯ್ಲಾಯಿತು. ಮೃಣಾಲ ಮೂರನೇ ತುಂಡಿನ ಕಾಳು ತೂಗಿ ಮುಗಿಸುವ ತನಕ ಕೃಷ್ಣವ್ವ ಬದುವಿನ ಮೇಲೆ ಕಾಲು ಬದಲಿಸುತ್ತ ನಿಂತಿದ್ದಳು. ಹಿಂದೆ ಗುರಲಿಂಗ, ಅವನ ಹಿಂದೆ ಇಡೀ ಕುರಿ ಹಿಂಡು.

"ಮುಗೀತೇನ ಯವ್ವಾ? ಇನ್ನ ಪಾರಣಿ ಮಾಡಸಲೇನು?"

"ಮಾಡಸ್ರಿ ಮಾವಶಿ," ಎಂದು ಮೃಣಾಲ ತಕ್ಕಡಿ ಎತ್ತಿಕೊಂಡು ದಾರಿ ಬಿಟ್ಟಳು.

ಕೃಷ್ಣವ್ವ ತಲೆ ಮೇಲೆ ತುಂಬಿದ ಬುಟ್ಟಿ ಹೊತ್ತು, ಎಲ್ಲರೂ ನೋಡುತ್ತಿದ್ದಂತೆ, ಕೂಳೆ ನಿಂತ ಆ ಹೊಲದ ನಡುವಿಗೆ ನೇರ ನಡೆದಳು. ಈ ಸಲ ಎಡವಲಿಲ್ಲ.