ಕಲಾವಿದರ ಪಟ್ಟಿಯಲ್ಲಿ ಅಪ್ಪನ ಹೆಸರು

ದಸರಾ ರಜೆಯ ಒಂದು ಬೆಳಗ್ಗೆ ಪುರಸಭೆಯಿಂದ ಇಬ್ಬರು ನಮ್ಮ ಮನೆ ಬಾಗಿಲಿಗೆ ಬಂದರು. ಊರಿನ ಹೆಸರು ಬೇಡ, ನಂಜನಗೂಡಿನಿಂದ ತಿ. ನರಸೀಪುರದ ಕಡೆ ಹೋಗುವ ಬಸ್ಸು ನಿಲ್ಲುವ ಊರು ಅಂದರೆ ಸಾಕು. ನಾನು ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ಹೆಂಗಸು ಕೈಯಲ್ಲಿದ್ದ ಪಟ್ಟಿ ನೋಡಿ ಬೀದಿಗೆಲ್ಲ ಕೇಳುವ ಹಾಗೆ ಕೇಳಿದಳು.

“ತಮಟೆ ಕಲಾವಿದರ ಮನೆ ಇದೇನಾ ಮೇಡಂ?”

“ಅಲ್ಲ” ಅಂದೆ.

“ಅಡ್ರೆಸ್ ಇದೇ ಇದೆಯಲ್ಲ. ಹೆಸರೂ ಇದೆ.”

“ನಮ್ಮಪ್ಪ ಕಾರ್ಖಾನೆಯಲ್ಲಿದ್ದು ರಿಟೈರ್ ಆದವರು. ಯಾರೋ ತಪ್ಪು ಬರೆಸಿದ್ದಾರೆ.”

ಜೊತೆಗಿದ್ದ ಗಂಡಸು ಫೈಲಿನಿಂದ ಒಂದು ಕರಪತ್ರ ತೆಗೆದುಕೊಟ್ಟ. ಪುರಸಭೆ ಊರಿನ ಕಲೆ, ಪರಂಪರೆ, ಸಂಸ್ಕೃತಿಯ ಅಭಿವೃದ್ಧಿಗೆ ಯೋಜನೆ ಮಾಡುತ್ತಿದೆ, ಕಲಾವಿದರ ಪಟ್ಟಿ ತಯಾರಾಗುತ್ತಿದೆ, ತಿಂಗಳ ಕೊನೆಗೆ ಸಾರ್ವಜನಿಕರ ಸಭೆ ಇದೆ ಎಂದು ಅದರಲ್ಲಿತ್ತು. ಅವರು ಹೋದ ಮೇಲೆ ತಲೆ ಎತ್ತಿ ನೋಡಿದರೆ ಎದುರು ಮನೆಯ ಅಜ್ಜಿ ಹಾಲಿನ ಕ್ಯಾನು ಹಿಡಿದು ಗೇಟಿನ ಹತ್ತಿರ ನಿಂತಿದ್ದರು. ಅವರಿಗೆ ಎಲ್ಲವೂ ಕೇಳಿಸಿತ್ತು.

ಅಪ್ಪ ತಮಟೆ ಬಡಿಯುತ್ತಿದ್ದ ವಿಷಯ ನಮ್ಮ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಅದನ್ನು ಹೇಳಿದ್ದು ಅವ್ವ, ಅದೂ ಒಂದೇ ಸಲ. ಅಪ್ಪನ ಊರು ಹೆಮ್ಮರಗಾಲದಿಂದಾಚೆ ಒಂದು ಸಣ್ಣ ಹಳ್ಳಿ. ಅಲ್ಲಿ ಸಾವಿಗೆ, ಮಾರಿಹಬ್ಬಕ್ಕೆ, ಸುದ್ದಿ ಸಾರುವುದಕ್ಕೆ ನಮ್ಮ ಮನೆಯವರೇ ಹೋಗಬೇಕಿತ್ತು. ಬರುವುದಿಲ್ಲ ಅನ್ನುವ ಹಾಗಿರಲಿಲ್ಲ. ಅಪ್ಪನಿಗೆ ಇಪ್ಪತ್ತು ದಾಟಿದ್ದಾಗ ನಮ್ಮಜ್ಜಿ ತೀರಿಕೊಂಡರು. ಅದೇ ದಿನ ಊರಿನ ದೊಡ್ಡ ಮನೆಯಲ್ಲೂ ಒಂದು ಸಾವಾಯಿತು. ದೊಡ್ಡ ಮನೆಯವರು ಹೇಳಿ ಕಳಿಸಿದರು. ಅಪ್ಪ ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಬಡಿದು ಮನೆಗೆ ಬರುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿ ಆಗಿತ್ತು. ಮುಂದಿನ ಸಲ ಕರೆ ಬಂದಾಗ ಅಪ್ಪ ಹೋಗಲಿಲ್ಲ. ಊರವರು ಕೂಲಿಗೆ ಕರೆಯುವುದನ್ನು ನಿಲ್ಲಿಸಿದರು. ಬಾವಿಯ ದಾರಿಗೆ ಮುಳ್ಳು ಹಾಕಿದರು. ಅಪ್ಪ ಅವ್ವನನ್ನು ಕರೆದುಕೊಂಡು ನಂಜನಗೂಡಿಗೆ ಬಂದು ಕಾರ್ಖಾನೆ ಸೇರಿದ. ಬುದ್ಧನ ದಾರಿ ಹಿಡಿದಿದ್ದು ಆಮೇಲೆ. ನಾನು ಹುಟ್ಟುವ ಹೊತ್ತಿಗೆ ಮನೆಯಲ್ಲಿ ತಮಟೆ ಅನ್ನುವ ಮಾತೂ ಇರಲಿಲ್ಲ.

ಹಾಗಿರುವಾಗ ಪುರಸಭೆಯ ಪಟ್ಟಿಗೆ ಅಪ್ಪನ ಹೆಸರು ಕೊಟ್ಟವರು ಯಾರು? ಆ ವಾರವೆಲ್ಲ ನನಗೆ ಅದೇ ಯೋಚನೆ.

ಮೊದಲು ಅನುಮಾನ ಬಂದದ್ದು ಎದುರು ಮನೆ ಅಜ್ಜಿಯ ಮೇಲೆ. ಹೊಲ, ಹಸು ಇರುವ ಒಕ್ಕಲುಮಕ್ಕಳ ಮನೆ. ಅವರ ತವರು ಹೆಮ್ಮರಗಾಲದ ಕಡೆ. ನಾವು ಈ ಮನೆಗೆ ಬಂದ ಹೊಸದರಲ್ಲಿ “ನಿಮ್ದು ಯಾವ್ ಕಡೆ?” ಎಂದು ಕೇಳಿದ್ದರು. ಅಪ್ಪ “ಮೈಸೂರು ಕಡೆ” ಎಂದು ಮಾತು ಮುಗಿಸಿದ್ದ. ಅಜ್ಜಿ ಆವತ್ತಿನಿಂದ ವಿಚಾರಿಸುತ್ತಲೇ ಇದ್ದಿರಬೇಕು ಅನ್ನಿಸಿತು. ಮಾರನೆಯ ದಿನದಿಂದ ಅವರ ಮನೆಯ ಹಾಲು ನಿಲ್ಲಿಸಿ ಪ್ಯಾಕೆಟ್ ತಂದೆ. ಅವ್ವ ಯಾಕೆ ಅಂದಳು. ಹಾಲು ತೆಳ್ಳಗಾಗಿದೆ ಎಂದು ಸುಳ್ಳು ಹೇಳಿದೆ.

ಆಮೇಲೆ ಹದಿನಾರು ಎಂಬ ಹಳ್ಳಿಯಲ್ಲಿರುವ ಚಿಕ್ಕಪ್ಪನಿಗೆ ಫೋನು ಮಾಡಿದೆ.

“ನಾನ್ಯಾಕವ್ವಾ ಏಳ್ಲಿ?” ಎಂದು ಚಿಕ್ಕಪ್ಪ ರೇಗಿದ. “ನಿಮ್ಮಪ್ಪ ಆ ಮಾತ್ ಎತ್ತುದ್ರೆ ಎದ್ದೋಯ್ತಾನೆ ಅಂತ ನಂಗೊತ್ತಿಲ್ವಾ? ನೀನು ಓದ್ದೋಳು, ಆಪೀಸ್ಗೇ ಓಗಿ ಕೇಳು.”

ರಜೆ ಮುಗಿದು ನಾನು ಪಾಠ ಮಾಡುವ ಬಿಳಿಗೆರೆಯ ಶಾಲೆಗೆ ಹೋಗತೊಡಗಿದ ಮೇಲೂ ಸ್ಟಾಫ್ ರೂಮಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ನನ್ನ ವಿಷಯವೇ ಅನ್ನಿಸುತ್ತಿತ್ತು. ಒಂದು ದಿನ ಅರ್ಧ ದಿನದ ರಜೆ ಹಾಕಿ, ಹೆಸರು ತೆಗೆಸಿಬಿಡಬೇಕೆಂದು ಪುರಸಭೆಗೆ ಹೋದೆ.

ಯೋಜನೆ ನೋಡಿಕೊಳ್ಳುತ್ತಿದ್ದವಳು ಮನೆಗೆ ಬಂದಿದ್ದ ಅದೇ ಹೆಂಗಸು. ಹತ್ತಿರದಿಂದ ನೋಡಿದರೆ ಇನ್ನೂ ಚಿಕ್ಕ ವಯಸ್ಸು, ಗುತ್ತಿಗೆಯ ಕೆಲಸ. ನನ್ನ ಗುರುತು ಹಿಡಿದಳು.

“ಒಪ್ಪಿಗೆ ಇಲ್ಲದೆ ಹೆಸರು ಹಾಕೋಕೆ ನಿಮಗೆ ಯಾರು ಹೇಳಿದ್ದು? ಕೊಟ್ಟವರು ಯಾರು, ತೋರಿಸಿ” ಅಂದೆ. ಗಟ್ಟಿಯಾಗಿಯೇ ಅಂದೆ.

ಅವಳು ಫೈಲು ಬಿಚ್ಚಿ ಒಂದು ಅರ್ಜಿ ನನ್ನ ಮುಂದೆ ಇಟ್ಟಳು. ಅಕ್ಷರ ಅಪ್ಪನದು. ರಾತ್ರಿಶಾಲೆಯಲ್ಲಿ ಕಲಿತ, ಒಂದೊಂದೇ ಕೊರೆದ ಹಾಗಿರುವ ಅಕ್ಷರ. ಕಲೆ ಯಾವುದು ಎಂಬಲ್ಲಿ ‘ತಮಟೆ. ಎಲ್ಲಾ ಬಡಿತ ಬರುತ್ತದೆ’ ಎಂದಿತ್ತು. ಕೊನೆಯದಾಗಿ ಯಾವಾಗ ನುಡಿಸಿದಿರಿ ಎಂಬಲ್ಲಿ ‘ಮಗಳು ಹುಟ್ಟುವ ಮುಂಚೆ’. ಪುರಸಭೆಯಿಂದ ಏನು ಬಯಸುತ್ತೀರಿ ಎಂಬಲ್ಲಿ ‘ಕುರ್ಚಿ ಹಾಕಿ ಕೂರಿಸಿ ಕೇಳಿದರೆ ಹೇಳಿಕೊಡುತ್ತೇನೆ’.

ಅರ್ಜಿಯನ್ನು ಮೊದಲಿನಿಂದ ಇನ್ನೊಮ್ಮೆ ಓದಿದೆ. “ತೆಗೀಬೇಕಾ ಮೇಡಂ?” ಎಂದು ಅವಳು ಕೇಳಿದಳು. ಆಮೇಲೆ ಹೇಳುತ್ತೇನೆ ಎಂದು ಎದ್ದು ಬಂದೆ.

ಮನೆಯಲ್ಲಿ ಅಪ್ಪ ಹಿತ್ತಲಿನ ಕಲ್ಲಿನ ಮೇಲೆ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದ. ನಾನು ಎದುರಿಗೆ ನಿಂತೆ.

“ಅರ್ಜಿ ನೀನೇ ಕೊಟ್ಟಿದ್ದಾ ಅಪ್ಪ?”

“ಊಂ.”

“ನನಗೆ ಒಂದು ಮಾತು ಹೇಳಬಾರದಿತ್ತಾ?”

“ಅವತ್ ನೀನು ‘ಅಲ್ಲ’ ಅಂದಿದ್ದು ಇಲ್ಲೀಗಂಟ ಕೇಳ್ತು ಕಣವ್ವಾ” ಅಂದ ಅಪ್ಪ, ದಾರ ಎಳೆಯುತ್ತಾ. “ನಿಂಗೆ ನಾಚ್ಕೆ ಆಯ್ತದೆ ಅಂತ ಗೊತ್ತಿತ್ತು. ಅದ್ಕೇ ಏಳ್ಲಿಲ್ಲ.”

ನಾಚಿಕೆಯಲ್ಲ, ಭಯ ಎಂದು ವಾದಿಸಿದೆ. ಅದರಲ್ಲಿ ಅರ್ಧ ಸುಳ್ಳಿತ್ತು ಎಂದು ಈಗ ಒಪ್ಪುತ್ತೇನೆ. “ಇವರು ಸುಮ್ಮನೆ ಯಾಕೆ ಹುಡುಕಿಕೊಂಡು ಬರುತ್ತಾರೆ? ನಾಳೆ ಯಾರೋ ದೊಡ್ಡವರು ಬಂದರೆ ನಿನ್ನನ್ನು ಮುಂದೆ ಬಿಟ್ಟು ಬಡಿಸಿಕೊಂಡು ಹೋಗುತ್ತಾರೆ. ಬಿಟ್ಟು ಬಂದಿದ್ದನ್ನೇ ಸಂಸ್ಕೃತಿ ಅಂತ ಮತ್ತೆ ಕೊರಳಿಗೆ ಕಟ್ಟುತ್ತಾರೆ.”

“ಕಟ್ಟುದ್ರೂ ಕಟ್ಬೋದು. ನಂಗೂ ಅನ್ಮಾನನೇ” ಅಂದ ಅಪ್ಪ. “ಅದ್ಕೇ ಸಭೆಗ್ ಓಗ್ಬೇಕು ಅನ್ನೋದು. ನಾನು ಬಿಟ್ಟಿದ್ದು ಆ ಊರ. ಬಡಿತವ ಅಲ್ಲ. ಅದು ನನ್ ಕೈಲೇ ಅದೆ.”

ಹೊಲಿಗೆ ನಿಲ್ಲಿಸಿ ಬೆರಳು ತೋರಿಸಿದ. ಎಷ್ಟೋ ವರ್ಷದಿಂದ ಟಿವಿ ನೋಡುವಾಗ, ಬಸ್ಸಿಗೆ ಕಾಯುವಾಗ ಅಪ್ಪನ ಬೆರಳು ತೊಡೆಯ ಮೇಲೆ ಕುಣಿಯುತ್ತಿದ್ದುದನ್ನು ನಾನು ನೋಡಿದ್ದೆ. ನರದ ದೌರ್ಬಲ್ಯವೆಂದು ಡಾಕ್ಟರಿಗೂ ತೋರಿಸಿದ್ದೆ.

ಸಭೆ ಪುರಸಭೆಯ ಮೇಲ್ಮಹಡಿಯ ಸಭಾಂಗಣದಲ್ಲಿ ನಡೆಯಿತು. ಬಾಗಿಲಲ್ಲೇ ಕರಡು ಯೋಜನೆಯ ಪ್ರತಿ ಕೊಟ್ಟರು. ನಾನು ಉತ್ತರಪತ್ರಿಕೆ ತಿದ್ದುವವಳ ಹಾಗೆ ಪೆನ್ನು ಹಿಡಿದು ಓದಿದೆ. ಹೊಳೆಯ ಸೋಪಾನಕ್ಕೆ ದೀಪ, ಹಳೆಯ ಮಂಟಪಕ್ಕೆ ಬೇಲಿ, ಸಂಗೀತಕ್ಕೆ ವಾರದ ತರಗತಿ, ಚಿತ್ರಕಲೆಗೆ ವಾರದ ತರಗತಿ. ತಮಟೆ ಒಂದೇ ಕಡೆ ಇತ್ತು: ‘ಗಣ್ಯರನ್ನು ತಮಟೆ ವಾದ್ಯದ ಮೆರವಣಿಗೆಯೊಂದಿಗೆ ಬರಮಾಡಿಕೊಳ್ಳುವುದು.’ ಆ ಸಾಲಿಗೆ ಗೆರೆ ಎಳೆದು ಅಪ್ಪನಿಗೆ ತೋರಿಸಿದೆ. ನಾನು ಹೇಳಿರಲಿಲ್ಲವಾ ಅನ್ನುವ ಮುಖ ಮಾಡಿದ್ದೆ ಅಂತ ಕಾಣುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ಎದ್ದು ನಿಂತ.

“ಸಾ, ಒಂದ್ ಮಾತು. ಸಂಗೀತುಕ್ಕೆ ಮೇಷ್ಟ್ರವ್ರೆ. ಚಿತ್ರ ಬರಿಯೋಕೂ ಮೇಷ್ಟ್ರವ್ರೆ. ತಮಟೆಗ್ಯಾಕೆ ಬರೀ ಮೆರವಣಿಗೆ?”

ವೇದಿಕೆಯ ಮೇಲಿದ್ದ ಸದಸ್ಯರೊಬ್ಬರು ನಕ್ಕರು. “ಅದ್ನೇನ್ ಕಲ್ಸೋದು ಯಜಮಾನ್ರೇ? ಅದು ನಿಮ್ಗೆಲ್ಲ ರಕ್ತದಲ್ಲೇ ಬಂದದೆ.”

“ರಕ್ತದಲ್ ಬರೋದಾಗಿದ್ರೆ ನನ್ ಮಗ್ಳಿಗೂ ಬರ್ಬೇಕಿತ್ತು. ಇಲ್ಲೇ ಕೂತವ್ಳೆ ನೋಡಿ, ಒಂದ್ ಏಟ್ ಬಡಿಯೋಕ್ ಬರಾಕಿಲ್ಲ. ನಮ್ಮಪ್ಪ ನಂಗೆ ವರ್ಸಾನ್‌ಗಟ್ಲೆ ಕಲಿಸ್ದ. ತಪ್ಪುದ್ರೆ ಬೆರಳ್ ಮೇಲೇ ಬಿಡೋನು. ಅದು ಇದ್ಯೆ ಸಾ. ಬೇಕಾದೋರು ಯಾರ್ ಬಂದ್ರೂ ಕಲಿಸ್ತೀನಿ, ಯಾವ್ ಜಾತಿ ಆದ್ರೂ ಸರಿ. ಮೆರವಣಿಗೇಗೆ ಮಾತ್ರ ಬರಾಕಿಲ್ಲ.”

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನು ತಲೆ ತಗ್ಗಿಸಲಿಲ್ಲ. ಗುತ್ತಿಗೆಯ ಹುಡುಗಿ ಮೂಲೆಯಲ್ಲಿ ಕೂತು ಬರೆದುಕೊಳ್ಳುತ್ತಿದ್ದಳು.

ಮುಂದಿನ ಕರಡಿನಲ್ಲಿ ಭಾನುವಾರ ಬೆಳಗ್ಗೆ ಗ್ರಂಥಾಲಯದ ಪಕ್ಕದ ಕೋಣೆಯಲ್ಲಿ ತಮಟೆ ತರಗತಿ ಎಂದು ಬಂತು. ಅಪ್ಪ ಹೊಸ ತಮಟೆ ಕೊಳ್ಳಲು ತಿ. ನರಸೀಪುರಕ್ಕೆ ಹೊರಟಾಗ ನಾನೂ ಹೋದೆ. ಮಾರುವವನು ಫೈಬರಿನದು ತೋರಿಸಿ, ಕಾಯಿಸುವ ಗೋಜಿಲ್ಲ ಎಂದು ಹೊಗಳಿದ. ಅಪ್ಪ ಚರ್ಮದ್ದನ್ನೇ ಆರಿಸಿ, ಅಂಗಡಿಯ ಹಿಂದೆ ಹುಲ್ಲಿಗೆ ಬೆಂಕಿ ಹಚ್ಚಿಸಿ, ಬಿಗಿಯಾಗುವಂತೆ ಕಾಯಿಸಿದ. ಕೋಲು ಹಿಡಿದ. ಮೊದಲು ಬಂದದ್ದು ನಿಧಾನದ, ಭಾರದ ಬಡಿತ. ನಾಲ್ಕು ಸುತ್ತು ಬಡಿದು ನಿಲ್ಲಿಸಿದ.

“ನಮ್ಮವ್ವಂಗೆ ಬಡೀಬೇಕಾಗಿದ್ದು ಇದು” ಅಂದ. ಮತ್ತೆ ಶುರು ಮಾಡಿ, ಕೊನೆಯವರೆಗೂ ಬಡಿದ. ಅಂಗಡಿಯವನು ಕೈಕಟ್ಟಿ ನಿಂತಿದ್ದ. ವಾಪಸು ಬರುವಾಗ ನಾನು ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ.

ತರಗತಿಗೆ ಮೊದಲ ದಿನ ಬಂದದ್ದು ಕಾಲೇಜಿನ ಇಬ್ಬರು ಹುಡುಗಿಯರು, ಒಬ್ಬರು ಆಟೋದವರು, ಅಂಚೆ ಕಚೇರಿಯ ಒಬ್ಬರು ಗುಮಾಸ್ತರು. ಎದುರು ಮನೆ ಅಜ್ಜಿಯ ಮೊಮ್ಮಗಳು ಎರಡು ವಾರ ಬಂದು ನಿಲ್ಲಿಸಿದಳು. ಪರೀಕ್ಷೆ ಎಂದಳು. ಪರೀಕ್ಷೆ ಮುಗಿದ ಮೇಲೂ ಬರಲಿಲ್ಲ. ಅಜ್ಜಿ ಬೇಡವೆಂದರೋ, ಅವಳಿಗೇ ಬೇಸರವಾಯಿತೋ, ನಾನು ಕೇಳಲಿಲ್ಲ. ಹಾಲನ್ನು ಮಾತ್ರ ಮತ್ತೆ ಅವರ ಮನೆಯಿಂದಲೇ ತರಿಸುತ್ತಿದ್ದೇನೆ.

ಬೇಸಿಗೆಗೆ ಮುಂಚೆ ಯೋಜನೆಯ ಉದ್ಘಾಟನೆ ನಿಗದಿಯಾಯಿತು. ಪುರಸಭೆಯಿಂದ ಯಾರೋ ಫೋನು ಮಾಡಿ, ಐದೇ ನಿಮಿಷ, ಗೇಟಿನಿಂದ ವೇದಿಕೆವರೆಗೆ ಬಡಿದುಕೊಂಡು ಬನ್ನಿ ಎಂದರು. ಅಪ್ಪ ಆಗುವುದಿಲ್ಲ ಅಂದ. ಮುಂದಿನ ಭಾನುವಾರ ಕೋಣೆಗೆ ಬೀಗ ಬಿದ್ದಿತ್ತು. ಕೀ ಯಾರ ಹತ್ತಿರ ಇದೆ ಎಂದು ಯಾರಿಗೂ ತಿಳಿಯದು. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಭಾನುವಾರ ಗ್ರಂಥಾಲಯದ ಹಿಂದಿನ ಹೊಂಗೆ ಮರದ ಕೆಳಗೆ ಪಾಠ ನಡೆಯಿತು. ಮೂರನೆಯದಕ್ಕೆ ಗುತ್ತಿಗೆಯ ಹುಡುಗಿಯೇ ಕೀ ತಂದು ಬಾಗಿಲು ತೆಗೆದಳು. ಎಲ್ಲಿ ಸಿಕ್ಕಿತು ಎಂದು ಕೇಳಿದೆ. “ಕೇಳಬೇಡಿ ಮೇಡಂ” ಎಂದು ನಕ್ಕಳು.

ಅವಳ ಗುತ್ತಿಗೆ ಮುಗಿದು ಅವಳ ಜಾಗಕ್ಕೆ ಬೇರೊಬ್ಬರು ಬಂದಿದ್ದಾರೆ. ತರಗತಿ ಮುಂದುವರಿಸುವ ಪತ್ರಕ್ಕೆ ಸಹಿ ಹಾಕಲು ಅಪ್ಪನನ್ನು ಕರೆಸಿದ್ದರು; ನಾನೂ ಜೊತೆಗೆ ಹೋಗಿದ್ದೆ. ಅಪ್ಪ ಓದುತ್ತಾ ಒಂದು ಕಡೆ ಬೆರಳಿಟ್ಟು ನಿಂತ. ‘ತಮಟೆ ಸೇವೆ’ ಎಂದಿತ್ತು.

“ಇದು ಸೇವೆ ಅಲ್ಲ ಸಾ, ಪಾಠ. ತಿದ್ಸಿ, ಕೂತಿರ್ತೀನಿ” ಅಂದ.

ಪ್ರಿಂಟರ್ ಕೆಟ್ಟಿತ್ತು. ಊಟದ ಹೊತ್ತು ದಾಟಿತು. ಸರಿಪಡಿಸಿ ಹೊಸ ಹಾಳೆ ತಂದುಕೊಟ್ಟ ಮೇಲೆ ನಾನೂ ಒಂದು ಸಲ ಓದಿದೆ, ಹಿಂದುಗಡೆ ತಿರುಗಿಸಿಯೂ ನೋಡಿದೆ. ಆಮೇಲೆ ಅಪ್ಪ ಸಹಿ ಹಾಕಿದ.