ಹನ್ನೊಂದು ದಿನ ಬಾಯಿ ಬಿಡದ ಅಲ್ಬಿನತ್ತೆ

ಅಲ್ಬಿನತ್ತೆಗೆ ಹನ್ನೊಂದು ದಿನ ಮೊದಲೇ ಗೊತ್ತಿತ್ತು. ಆ ಹನ್ನೊಂದು ದಿನವೂ ಅವಳು ನನ್ನ ಮನೆಯ ಮುಂದೆಯೇ ಹಾದುಹೋದಳು, ದಿನವೂ ಕೈ ಎತ್ತಿದಳು, ಒಂದು ದಿನವಂತೂ ಗೇಟಿನ ಹತ್ತಿರ ನಿಂತು ಮಳೆ ಬರುವುದೋ ಇಲ್ಲವೋ ಎಂದು ಕಾಲು ಗಂಟೆ ಮಾತಾಡಿದಳು. ಹೇಳಬೇಕಾದ ಮಾತನ್ನು ಮಾತ್ರ ಹೇಳಲಿಲ್ಲ. ಹೇಳಿದ್ದು ಸಂತ ಯೋಹಾನನ ಹಬ್ಬದ ಹಿಂದಿನ ಸಂಜೆ ಆರಕ್ಕೆ, ಊರಬೆಂಕಿ ಹಚ್ಚಲು ಮೂರೇ ಗಂಟೆ ಉಳಿದಿದ್ದಾಗ. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ನಮ್ಮ ಪಾದ್ರಿ ಹೇಳುತ್ತಾರೆ. ಪಾದ್ರಿಗೆ ಹೇಳುವುದು ಸುಲಭ. ಆ ಸಂಜೆ ಪಂಜು ಹಿಡಿದು ನಿಂತವನು ನಾನು.

ನಮ್ಮ ಮೋಕ್ರಿ ಲೋಗ್ ಮೂವತ್ತೊಂದು ಮನೆಯ ಊರು. ಅಲ್ಬಿನತ್ತೆ ನನಗೆ ರಕ್ತಸಂಬಂಧಿಯಲ್ಲ, ಊರಿಗೆಲ್ಲ ಅತ್ತೆ. ಇಪ್ಪತ್ತೊಂಬತ್ತು ವರ್ಷ ಹಳದಿ ಮೊಪೆಡ್ಡಿನಲ್ಲಿ ಟಪಾಲು ಹಂಚಿದವಳು. ಯಾರ ಹಿತ್ತಿಲಲ್ಲಿ ನೀರು ನಿಲ್ಲುತ್ತದೆ, ಯಾರ ಗೋಡೆಗೆ ಮಧ್ಯಾಹ್ನದ ಬಿಸಿಲು ಬೀಳುತ್ತದೆ, ಯಾರ ಮನೆಯಲ್ಲಿ ಯಾವ ಗಿಡ ಏಕೆ ಸತ್ತಿತು ಎಲ್ಲ ಅವಳಿಗೆ ಬಾಯಿಪಾಠ. ಕೆಲಸದಿಂದ ನಿವೃತ್ತಳಾದ ಮೇಲೆ ಗಿಡ ಬೆಳೆಸಿ ಹಂಚತೊಡಗಿದಳು. ಅಂಗಡಿಯ ಗಿಡವಲ್ಲ. ಒಂದು ಗಂಟೆ ನಡೆದು ಹೋಗಿಬರುವಷ್ಟು ದೂರದ ಕಾಡಂಚಿನಿಂದ ತಂದ ಬೀಜ, ಹಳೆಯ ಮೊಸರಿನ ಡಬ್ಬಿಯಲ್ಲಿ ಮೊಳಕೆ.

ಗಿಡ ಬೇಕೆಂದು ಕೇಳಿದರೆ ತಕ್ಷಣ ಕೊಡುತ್ತಿರಲಿಲ್ಲ. ಹಾಲು ಕರೆಯುವಾಗ ಕೂರುವ ಮುಕ್ಕಾಲಿ ಹಿಡಿದುಕೊಂಡು ಬಂದು ನಿಮ್ಮ ಅಂಗಳದಲ್ಲಿ ಒಂದು ಬೆಳಗ್ಗೆ ಪೂರ್ತಿ ಕೂರುತ್ತಿದ್ದಳು. ಕಾಫಿ ಕೊಟ್ಟರೆ ಕುಡಿಯುತ್ತಿದ್ದಳು, ಮಾತಾಡಿಸಿದರೆ ಸುಮ್ಮನಿರಿ ಎಂದು ಕೈಸನ್ನೆ ಮಾಡುತ್ತಿದ್ದಳು. ಯಾವ ದುಂಬಿ ಯಾವ ಕಡೆಯಿಂದ ಬಂತು, ಯಾವ ಹಕ್ಕಿ ಎಲ್ಲಿ ಕೂರಲು ನೋಡಿ ಜಾಗ ಸಿಗದೆ ಹೋಯಿತು ಎಂದು ನೋಡುತ್ತಿದ್ದಳು. ಕೊನೆಗೆ ಎದ್ದು, ಇಲ್ಲಿ ಇದು, ಅಲ್ಲಿ ಅದು ಎಂದು ಹೇಳಿ ಹೊರಡುವಳು. ಕಸಾಯಿ ಲೋಯ್ಜ್ ತನ್ನ ಕಿಟಕಿಯ ಕೆಳಗೆ ನೂರು ಎಸಳಿನ ಗುಲಾಬಿ ಬೇಕೆಂದು ಹಟ ಹಿಡಿದಾಗ ಅವಳು ಹೇಳಿದ್ದು ಊರಿಗೆಲ್ಲ ನೆನಪಿದೆ. "ಅದು ಊಟ ಇಲ್ಲದ ಮದುವೆಮನೆ ಕಣೋ ಲೋಯ್ಜ್. ಚಪ್ಪರ ನೋಡಿ ಜೇನು ಬರುತ್ತೆ, ಎಲೆ ಹಾಕೋರು ಯಾರೂ ಇಲ್ಲ ಅಂತ ಹಸ್ಕೊಂಡು ಹೋಗುತ್ತೆ. ಐದೇ ಎಸಳಿನ ಕಾಡುಗುಲಾಬಿ ಹಾಕು. ಚಳಿಗಾಲದಲ್ಲಿ ಅದರ ಕಾಯಿ ಹಕ್ಕಿಗೂ ಆಗುತ್ತೆ."

ನನ್ನ ಮನೆಗೆ ಅವಳು ಮುಕ್ಕಾಲಿ ತಂದಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ನಾನು ರಸ್ತೆ ಬದಿಯ ಪೊದೆ ಕತ್ತರಿಸುವ ಟ್ರ್ಯಾಕ್ಟರು ಓಡಿಸಿ ಬದುಕಿದವನು. ನನ್ನ ಅಂಗಳದ ಸುತ್ತ ವರ್ಷವಿಡೀ ಹಸಿರಾಗಿರುವ ಥೂಜಾ ಗಿಡದ ಇಪ್ಪತ್ತೆರಡು ಮೀಟರ್ ಬೇಲಿ ಇತ್ತು. ದಾರ ಕಟ್ಟಿ ಕತ್ತರಿಸಿದ್ದು, ಒಂದು ಎಲೆ ಹೊರಗೆ ಚಾಚಿರಲಿಲ್ಲ. ಅಚ್ಚುಕಟ್ಟಾದ ಅಂಗಳದ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ಬಂದಿತ್ತು. ಅದರ ಮುಂದೆ ಹಾದುಹೋಗುವಾಗ ಅಲ್ಬಿನತ್ತೆ ಕೇಳುತ್ತಿದ್ದಳು: "ಹಸಿರು ಗೋಡೆ ಚೆನ್ನಾಗಿದೆ ಸಿರಿಲಾ. ಸುಣ್ಣ ಯಾವಾಗ ಹೊಡಿಸ್ತೀಯ?"

ಆ ವರ್ಷ ನಾನು ಊರಿನ ಬೆಂಕಿ ದಳದ ಮುಖ್ಯಸ್ಥ. ನಮ್ಮಲ್ಲಿ ಬೆಂಕಿ ಆರಿಸುವವರೇ ವರ್ಷಕ್ಕೆ ಎರಡು ಸಲ ಬೆಂಕಿ ಹಚ್ಚುತ್ತಾರೆ. ಒಂದು ಮೇ ದಿನದ ಹಿಂದಿನ ಸಂಜೆ, ಇನ್ನೊಂದು ಸಂತ ಯೋಹಾನನ ಹಬ್ಬದ ಹಿಂದಿನ ಸಂಜೆ. ಆ ಏಪ್ರಿಲ್ ಮೂವತ್ತಕ್ಕೆ ಧಾರಾಕಾರ ಮಳೆ ಸುರಿದು ರಾಶಿ ತೊಯ್ದು ತೊಪ್ಪೆಯಾಯಿತು. ಇರಲಿ, ಇದನ್ನೇ ಜೂನಿನಲ್ಲಿ ಸುಟ್ಟರಾಯಿತು ಎಂದೆ. ಅಲ್ಬಿನತ್ತೆಯ ಒದ್ದೆ ಹುಲ್ಲುಗಾವಲಿನ ಅಂಚಿನಲ್ಲಿ, ಎರಡಾಳು ಎತ್ತರದ ಕೊಂಬೆ ರಾಶಿ ಏಳು ವಾರ ಹಾಗೆಯೇ ನಿಂತಿತು. ಹಳೆಯ ರಾಶಿಯನ್ನು ಸುಡುವ ದಿನ ಬೆಳಗ್ಗೆ ಮಗುಚಿ ಬೇರೆ ಕಡೆ ಒಟ್ಟಬೇಕು, ಒಳಗೆ ಏನಾದರೂ ಸೇರಿಕೊಂಡಿರುತ್ತದೆ. ಇದು ನಮ್ಮಲ್ಲಿ ಚಡ್ಡಿ ಹಾಕದ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಹುಲ್ಲು ಕೊಯ್ದು ಒಣಗಿಸುವ ಕಾಲ, ಗಂಡಸರೆಲ್ಲ ಹೊಲದಲ್ಲಿದ್ದರು. ನಾನು ಮಗುಚಿಸಲಿಲ್ಲ.

ಸಂಜೆ ಆರಕ್ಕೆ ಅವಳು ಮುಕ್ಕಾಲಿ ತಂದು ರಾಶಿಯ ಮುಂದೆ ಹಾಕಿ ಕುಳಿತಳು. ನಾನು ಬೆಂಚು ಇಳಿಸುತ್ತಿದ್ದೆ.

"ಅತ್ತೇ, ಅಲ್ಲಿ ಕೂತ್ರೆ ಸೀದುಹೋಗ್ತೀಯ. ಇತ್ತ ಬಾ, ವೈನ್ ಕೊಡ್ತೀನಿ."

"ಒಳಗೆ ಹೆಬ್ಬೆಟ್ಟು ಹಕ್ಕಿ ಮರಿ ಮಾಡಿದೆ ಸಿರಿಲಾ. ಐದು ಮರಿ. ಇನ್ನೊಂದು ಆರು ದಿನಕ್ಕೆ ಹಾರ್ತವೆ."

ಹೆಬ್ಬೆಟ್ಟು ಹಕ್ಕಿ ಎಂದರೆ ನಮ್ಮಲ್ಲಿನ ಹೆಬ್ಬೆರಳಷ್ಟು ಚಿಕ್ಕ ಹಾಡುಹಕ್ಕಿ. ಕಂದು ಬಣ್ಣ, ಬಾಲ ಮಾತ್ರ ಸದಾ ನೆಟ್ಟಗೆ. ನಾನು ನೋಡುತ್ತಿದ್ದಂತೆಯೇ ಅದು ಕೊಕ್ಕಿನಲ್ಲಿ ಹಸಿರು ಕಂಬಳಿಹುಳ ಕಚ್ಚಿಕೊಂಡು ಬಂದು, ನನ್ನ ಸೊಂಟದ ಎತ್ತರದಲ್ಲಿದ್ದ ಸಂದಿನೊಳಗೆ ನುಗ್ಗಿತು. ಒಳಗಿಂದ ಚೀಯೆಂಬ ಸದ್ದು ಕೇಳಿತು.

"ಯಾವಾಗಿಂದ ಗೊತ್ತು ನಿಂಗೆ?"

"ಹನ್ನೆರಡನೇ ತಾರೀಕಿಂದ ಊಟ ಹೊರ್ತಾ ಇದೆ."

ಹಿಡಿದಿದ್ದ ಬೆಂಚನ್ನು ನೆಲಕ್ಕೆ ಬಿಟ್ಟೆ. "ಹನ್ನೊಂದು ದಿನ ಬಾಯಲ್ಲಿ ಏನು ಇಟ್ಕೊಂಡಿದ್ದೆ? ಮೂರೂರಿನ ದಳ ಬರ್ತಾ ಇದೆ. ಅಕಾರ್ಡಿಯನ್ನೋನು ಬಂದಾಗಿದೆ. ಗೂಡು ಎತ್ತಿ ಆಚೆ ಇಡ್ತೀನಿ, ಏಳು."

"ಎತ್ತಿದ್ರೆ ತಾಯಿ ಬರಲ್ಲ. ಕೊಂಬೆ ಒಂದು ಎಳೆದ್ರೆ ರಾಶಿ ಕುಸಿದು ಮರಿ ಅಪ್ಪಚ್ಚಿ. ಬರೀ ಹಕ್ಕಿಯಲ್ಲ, ಬುಡ ನೋಡು. ಒದ್ದೆ ಎಲೆ ತುಂಬ ಮಿಂಚುಹುಳ. ಹೆಣ್ಣಿಗೆ ರೆಕ್ಕೆ ಇಲ್ಲ, ಹುಲ್ಲಲ್ಲೇ ದೀಪ ಹಚ್ಕೊಂಡು ಗಂಡಿಗೆ ಕಾಯುತ್ತೆ. ಓಡಿಹೋಗು ಅಂದ್ರೆ ಎಲ್ಲಿಗೆ ಓಡುತ್ತೆ?"

"ನಂಗೆ ಹುಳದ ಸಂಸಾರ ಹೇಳ್ಬೇಡ."

"ಹೇಳಿಲ್ಲಪ್ಪ. ಕೂತಿದ್ದೀನಿ ಅಷ್ಟೆ."

ಏಳಕ್ಕೆ ಜನ ಬರತೊಡಗಿದರು. ಎಂಟಕ್ಕೆ ಬೆಂಚು ತುಂಬಿತು. ಲೋಯ್ಜ್ ಸಾಸೇಜು ಸುಡುತ್ತ ದೂರದಿಂದಲೇ ಕೂಗಿದ: "ಏನ್ ಸಿರಿಲ್, ನಾಲ್ಕು ಪಂಪು, ಇಪ್ಪತ್ತೈದು ಗಂಡಸ್ರು, ಒಂದು ಹೆಬ್ಬೆಟ್ಟಿಗೆ ಹೆದರಿದ್ರಂತೆ?" ಜನ ನಕ್ಕರು. ನಗಲಿ ಬಿಡಿ, ಆದರೆ ಎದುರು ಗುಡ್ಡದ ಮೇಲೆ ಹ್ರಿಬ್ ಊರಿನವರ ರಾಶಿ ಕಾಣುತ್ತಿತ್ತು. ಒಂಬತ್ತರ ಗಂಟೆ ಬಾರಿಸಿದ ಕೂಡಲೇ ಎರಡೂ ಊರಿನ ಬೆಂಕಿ ಏಳಬೇಕು. ಯಾರದು ತಡವಾಗುತ್ತದೋ ಅವರು ಮುಂದಿನ ಜೂನ್‌ವರೆಗೆ ತಲೆ ಎತ್ತುವಂತಿಲ್ಲ. ನನ್ನ ಅಪ್ಪನ ಕಾಲದಲ್ಲಿ ಒಮ್ಮೆ ತಡವಾಗಿತ್ತು. ಹ್ರಿಬ್‌ನವರು ಅವನ ಶವಯಾತ್ರೆಯಲ್ಲೂ ಅದನ್ನು ನೆನೆದರು.

ನನ್ನ ಹೆಂಡತಿ ಬ್ರಿಗಿತ ಬಂದು ತೋಳು ಹಿಡಿದಳು. "ರೀ, ಪಂಜು ಕೆಳಗಿಡಿ. ಮುಖ ಕೆಂಡ ಆಗಿದೆ."

"ಮುಖ ಇದ್ರೆ ತಾನೇ," ಎಂದೆ.

ಒಂಬತ್ತಕ್ಕೆ ಐದು ನಿಮಿಷ. ಪಂಜಿಗೆ ಬೆಂಕಿ ತಾಗಿಸಿದೆ. ಅಲ್ಬಿನತ್ತೆ ಕದಲಲಿಲ್ಲ. ಕೈ ಮಡಿಲಲ್ಲಿ, ಕಣ್ಣು ಆ ಸಂದಿನ ಮೇಲೆ.

"ಅತ್ತೆ, ಕೊನೇ ಸಲ ಹೇಳ್ತಿದ್ದೀನಿ. ಏಳು."

"ನನ್ನ ಮಂಡಿ ನೋವು ಮಗನೇ. ನೀನೇ ಎಬ್ಬಿಸು."

ಪಂಜನ್ನು ಲೋಯ್ಜನ ಕೈಗೆ ಕೊಟ್ಟೆ. ಬಗ್ಗಿ ಮುಕ್ಕಾಲಿಯ ಸಮೇತ ಅವಳನ್ನು ಎತ್ತಿದೆ. ಕೋಳಿಯಷ್ಟು ಹಗುರ ಇದ್ದಳು. ನಾಲ್ಕು ಹೆಜ್ಜೆ ಆಚೆ ನಡೆದು ಇಳಿಸಿದೆ. ಅಕಾರ್ಡಿಯನ್ನು ನಿಂತುಹೋಯಿತು. ಒಬ್ಬರಾದರೂ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ವಾಪಸು ಬಂದು ಪಂಜು ತೆಗೆದುಕೊಂಡು ಸಂದಿನ ಎದುರು ನಿಂತೆ. ಆಗ ಹಕ್ಕಿ ಬಂತು, ಕೊಕ್ಕಿನಲ್ಲಿ ಹುಳ. ನಾನು ದಾರಿಗೆ ಅಡ್ಡ ನಿಂತಿದ್ದರಿಂದ ಒಳಗೆ ಹೋಗಲಾಗದೆ ಬೇಲಿಗೂಟದ ಮೇಲೆ ಕೂತು ಬೈಯತೊಡಗಿತು. ಟಿಕ್ ಟಿಕ್ ಟಿಕ್, ಕಲ್ಲಿಗೆ ಕಲ್ಲು ಕುಟ್ಟಿದ ಹಾಗೆ. ಹುಳವನ್ನೂ ಬಿಡಲಿಲ್ಲ, ಬೈಗುಳವನ್ನೂ ಬಿಡಲಿಲ್ಲ. ನಾನು ಒಂದು ಹೆಜ್ಜೆ ಮುಂದಿಟ್ಟರೆ ಅದೂ ಮುಂದಿನ ಗೂಟಕ್ಕೆ ಹಾರಿ ಇನ್ನೂ ಜೋರು ಮಾಡಿತು. ಜನರಲ್ಲಿ ಯಾರೋ ಹೇಳಿದರು: "ಸಿರಿಲ್‌ಗೆ ಸರೀ ಜೋಡಿ ಸಿಕ್ತು."

ಚರ್ಚಿನ ಗಂಟೆ ಹೊಡೆಯಿತು. ಹ್ರಿಬ್ ಗುಡ್ಡದ ಮೇಲೆ ಕೆಂಪು ಕಿಡಿ ಎದ್ದಿತು, ನೋಡನೋಡುತ್ತ ಜ್ವಾಲೆಯಾಯಿತು. ಅಲ್ಲಿಂದ ಹೋ ಎಂದು ಕೂಗುವುದು ಕಣಿವೆ ದಾಟಿ ಕೇಳಿಸಿತು.

ನಾನು ಪಂಜನ್ನು ನೀರಿನ ಬಕೆಟ್ಟಿಗೆ ಅದ್ದಿದೆ. ಪುಣ್ಯ ಬರಲಿ ಎಂದಲ್ಲ, ಕರುಣೆ ಉಕ್ಕಿ ಬಂದೂ ಅಲ್ಲ. ಹಕ್ಕಿ, ಅತ್ತೆ, ಹ್ರಿಬ್, ಲೋಯ್ಜ್ ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂದು, ಅದು ಹೋಗಲು ಒಂದು ದಾರಿ ಬೇಕಿತ್ತು. "ಬೆಂಕಿ ಬೇಕು ತಾನೇ ನಿಮಗೆ? ಬನ್ನಿ ನನ್ನ ಹಿಂದೆ," ಎಂದು ಟ್ರ್ಯಾಕ್ಟರು ಹತ್ತಿದೆ. ಮನೆಗೆ ಹೋಗಿ ಮೋಟಾರು ಗರಗಸ ತೆಗೆದು ಬೇಲಿಯ ಮೊದಲ ಬುಡಕ್ಕೆ ಇಟ್ಟೆ. ಮೂರನೇ ಗಿಡ ಬಿದ್ದಾಗ ಜನರಿಗೆ ಅರ್ಥವಾಯಿತು. ಇಪ್ಪತ್ತೈದು ಗಂಡಸರು ಎಳೆದುಕೊಂಡು ಚೆಂಡಾಟದ ಬಯಲಿಗೆ ಓಡಿದರು. ಥೂಜಾ ಹೊರಗಷ್ಟೇ ಹಸಿರು. ಇಪ್ಪತ್ತು ವರ್ಷ ಕತ್ತರಿಸಿಕೊಂಡ ಬೇಲಿಯ ಒಳಗೆಲ್ಲ ಕಡ್ಡಿ, ಒಣಧೂಳು, ಎಣ್ಣೆ. ಒಂದೇ ಒಂದು ಗೂಡು ಇರಲಿಲ್ಲ, ಅದನ್ನು ಎಳೆಯುವಾಗ ನಾನೇ ನೋಡಿದೆ. ಹ್ರಿಬ್‌ಗಿಂತ ಮುಕ್ಕಾಲು ಗಂಟೆ ತಡವಾಗಿ ಎದ್ದ ನಮ್ಮ ಬೆಂಕಿ ಅವರದ್ದರ ಎರಡರಷ್ಟು ಎತ್ತರ ಹೋಯಿತು. ಊರೆಲ್ಲ ಕೆಮ್ಮಿನ ಔಷಧಿಯ ವಾಸನೆ.

ಬ್ರಿಗಿತ ಅಂದಳು: "ಇನ್ಮೇಲೆ ನಮ್ಮನೆ ಅಡುಗೆ ಏನು ಅಂತ ಊರೋರು ಕೇಳೋದೇ ಬೇಡ. ರಸ್ತೆಯಿಂದಲೇ ಕಾಣುತ್ತೆ."

ಬಕೆಟ್ಟು ತರಲು ನಾನು ಹುಲ್ಲುಗಾವಲಿಗೆ ಹಿಂದಿರುಗಿದಾಗ ಪೂರ್ತಿ ಕತ್ತಲಾಗಿತ್ತು. ರಾಶಿಯ ಬುಡದಿಂದ ತೊರೆಯವರೆಗೆ ಹುಲ್ಲೆಲ್ಲ ಮಿಣುಕುತ್ತಿತ್ತು. ಅಲ್ಬಿನತ್ತೆ ನಾನು ಇಳಿಸಿದ ಜಾಗದಲ್ಲೇ ಕುಳಿತಿದ್ದಳು. ಬಕೆಟ್ಟು ತೆಗೆದುಕೊಂಡು ಬಂದೆ.

ಆರನೇ ದಿನ ನನ್ನ ಟಪಾಲು ಡಬ್ಬಿಯಲ್ಲಿ ಒಂದು ಚೀಟಿ ಇತ್ತು. "ಐದೂ" ಎಂದು ಮಾತ್ರ ಬರೆದಿತ್ತು.

ಸೆಪ್ಟೆಂಬರಿನಲ್ಲಿ ನಾನು ಕೇಳದೆಯೇ ಅವಳು ಮುಕ್ಕಾಲಿ ತಂದು ನನ್ನ ಬೋಳು ಅಂಗಳದಲ್ಲಿ ಕುಳಿತಳು. ಊರಿನ ಉಳಿದವರಿಗೆ ಒಂದು ಬೆಳಗ್ಗೆ ಸಾಕಾಗಿತ್ತು, ನನಗೆ ನಾಲ್ಕು. ನಾಲ್ಕನೆಯ ದಿನ ತಡೆಯಲಾರದೆ ಕೇಳಿದೆ.

"ಹನ್ನೊಂದು ದಿನ ಯಾಕೆ ಹೇಳ್ಲಿಲ್ಲ?"

"ಮೊದಲ್ನೇ ದಿನ ಹೇಳಿದ್ರೆ ನಿಂಗೆ ಯೋಚ್ನೆ ಮಾಡೋಕೆ ಟೈಮ್ ಸಿಗ್ತಿತ್ತು. ಯೋಚ್ನೆ ಮಾಡಿದ್ರೆ ನೀನು ಸುಡ್ತಿದ್ದೆ ಸಿರಿಲಾ. ಅಪ್ಪನ ಮಾನ, ಹ್ರಿಬ್‌ನೋರು, ದಳ, ಎಲ್ಲ ಲೆಕ್ಕ ಹಾಕಿ ನೆಮ್ಮದಿಯಾಗಿ ಸುಡ್ತಿದ್ದೆ. ನೀನು ಸಿಟ್ಟಲ್ಲಿದ್ದಾಗ ಏನಾದ್ರೂ ಒಳ್ಳೇದು ಆಗೋ ಸಾಧ್ಯತೆ ಇತ್ತು."

ಎಂಥ ಮಾತು ಇದು?

ಮುಂದಿನ ವಸಂತದಲ್ಲಿ ಹತ್ತೊಂಬತ್ತು ಸಸಿ ಕೊಟ್ಟಳು. ಸೂರಿನ ನೀರು ಬೀಳುವಲ್ಲಿ ಬ್ರೊಗೊವಿತ ಪೊದೆ. ಅದರ ಕೆಂಪು ಹಣ್ಣು ಹುಳಿ, ಹಕ್ಕಿಗಳು ಬೇರೇನೂ ಸಿಗದ ಹಿಮಗಾಲದ ಕೊನೆಗೆ ಅದಕ್ಕೆ ಬರುತ್ತವೆ. ರಸ್ತೆ ಬದಿಗೆ ಮುಳ್ಳಿನ ಗ್ಲೋಗ್ ಗಿಡ, ಬೆಕ್ಕು ಹತ್ತದ ಹಾಗೆ. ಶೆಡ್ಡಿನ ಮೇಲಿನ ಹಂಬು ಕತ್ತರಿಸಬಾರದು, ಅಕ್ಟೋಬರಿನಲ್ಲಿ ಜೇನಿಗೆ ಅದರ ಹೂವೇ ಕೊನೆಯ ಊಟ. ಕೆಳಗಿನ ಒದ್ದೆ ಪಟ್ಟಿಯನ್ನು ಆಗಸ್ಟ್‌ವರೆಗೆ ಕೊಯ್ಯಬಾರದು, ಬಸವನಹುಳಕ್ಕೆ ವಿಷ ಹಾಕಬಾರದು, ಏಕೆಂದರೆ ಮಿಂಚುಹುಳದ ಮರಿ ತಿನ್ನುವುದು ಅದನ್ನೇ. ಮೂಲೆಗೆ ಒಂದು ದ್ರೆನ್ ಮರ. ಹಿಮ ಕರಗುವ ಮೊದಲೇ ಬರಿಗೊಂಬೆಯ ಮೇಲೆ ಹಳದಿ ಹೂ ಬಿಡುತ್ತದೆ. ಗೂಡಿನಿಂದ ಮೊದಲು ಹೊರಬರುವ ಜೇನಿಗೆ ಅದು ಬಿಟ್ಟರೆ ಗತಿಯಿಲ್ಲ.

ಗಿಡ ಕೊಟ್ಟವರಿಗೆ ನಮ್ಮಲ್ಲಿ ಧನ್ಯವಾದ ಹೇಳುವುದಿಲ್ಲ. ಹೇಳಿದರೆ ಬೇರು ಹಿಡಿಯುವುದಿಲ್ಲ. ಬದಲಿಗೆ ನಮ್ಮ ನೆಲದಲ್ಲಿ ಬೆಳೆದದ್ದೊಂದನ್ನು ಅವರಿಗೆ ಕೊಡಬೇಕು. ನನ್ನ ನೆಲದಲ್ಲಿ ಹತ್ತೊಂಬತ್ತು ಕಡ್ಡಿ ಬಿಟ್ಟರೆ ಏನಿತ್ತು?

"ದ್ರೆನ್ ಹಣ್ಣು ಬಿಟ್ಟಾಗ ಒಂದು ಹಿಡಿ ಬೀಜ ತಂದುಕೊಡು," ಎಂದಳು. "ಅವಸರ ಇಲ್ಲ."

ಆಗ ಅವಳಿಗೆ ಎಪ್ಪತ್ತೆರಡು. ದ್ರೆನ್ ಹಣ್ಣು ಬಿಡಲು ಎಂಟೊಂಬತ್ತು ವರ್ಷ ತೆಗೆದುಕೊಳ್ಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಅದನ್ನೂ ಹೇಳಲಿಲ್ಲ. ಏಳನೆಯ ಚಳಿಗಾಲದಲ್ಲಿ ತೀರಿಕೊಂಡಳು. ಮುಕ್ಕಾಲಿಯ ಸಮೇತ ನಾನು ಅವಳನ್ನು ಎತ್ತಿ ಪಕ್ಕಕ್ಕೆ ಇಟ್ಟ ವಿಷಯವನ್ನು ಅಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ. ತೆಗೆಯಬೇಕಿದ್ದವನು ನಾನು.

ಎರಡು ವರ್ಷದ ಹಿಂದೆ ದ್ರೆನ್ ಮೊದಲ ಸಲ ಕಾಯಿ ಕಚ್ಚಿತು. ಹಕ್ಕಿಗಳು ಬಿಟ್ಟದ್ದು ಹದಿಮೂರು. ತಿರುಳು ತೆಗೆದು, ಬೀಜ ತೊಳೆದು ಒಯ್ದೆ. ಈಗ ಆ ಮನೆಯಲ್ಲಿ ಅವಳ ತಂಗಿಯ ಮಗಳಿದ್ದಾಳೆ, ಒಳ್ಳೆಯ ಹುಡುಗಿ, ಹುಲ್ಲುಗಾವಲನ್ನು ಹಾಗೆಯೇ ಉಳಿಸಿದ್ದಾಳೆ.

"ಕೊಡಿ ಮಾವ, ನಾನೇ ಬಿತ್ತೀನಿ. ದೊಡ್ಡಮ್ಮನಿಗೆ ಕೊಟ್ಟ ಹಾಗೇ ಆಯ್ತು."

"ಆಗಲ್ಲ," ಎಂದು ವಾಪಸು ತಂದೆ. ಅಡುಗೆಮನೆಯ ಕಿಟಕಿಯಲ್ಲಿ, ಅವಳು ದಿನವೂ ಹಾದುಹೋಗುತ್ತಿದ್ದ ರಸ್ತೆಯಿಂದ ಕಾಣುವ ಹಾಗೆ, ಗಾಜಿನ ಲೋಟದಲ್ಲಿ ಹದಿಮೂರೂ ಇವೆ.